ಆಟದ ಸಂಗೀತ, ಆಡದವರ ಕಿವಿ

ವಿಡಿಯೋ ಗೇಮಿನ ಸಂಗೀತವನ್ನು ಆ ಗೇಮ್ ಆಡದೇ ಇದ್ದವರಿಗೆ ಕೇಳಿಸಿದರೆ ಅವರಿಗೆ ಏನಾದರೂ ತಲುಪುತ್ತದೆಯೇ? ಹಿರೇಕೆರೂರಿನ ಒಂದು ಮನೆಯ ಪಡಸಾಲೆಯಲ್ಲಿ ಈ ಪ್ರಶ್ನೆಗೆ ಒಂದು ಸಂಜೆ ಪೂರ್ತಿ ಹೋಯಿತು. ಮಾತಾಡಿದವರಲ್ಲಿ ಒಬ್ಬರು ಹಿರಿಯ ಸಂಗೀತ ಮಾಸ್ತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದು, ಊರಿನ ಮಕ್ಕಳಿಗೆ ಪೇಟಿ (ಹಾರ್ಮೋನಿಯಂ) ಹೇಳಿಕೊಟ್ಟವರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಆಕೆ ಗುರುಗಳಿಗೆ ಕೇಳಿಸಲೆಂದು ತಂದದ್ದು ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ ಎಂಬ ಗೇಮಿನ ಸಂಗೀತವನ್ನು. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ಹೊರತಂದ ಗೇಮ್ ಅದು. ನಾನು ಪಕ್ಕದಲ್ಲಿ ಕೂತು ಕೇಳಿದವನು. ಅವರ ಮಾತನ್ನು ಅವರ ಮಾತಿನಲ್ಲೇ ಇಡುತ್ತೇನೆ.

ಹುಡುಗಿ: ಒಂದು ಮುಗೀತ್ರಿ ಮಾಸ್ತರ. ಹೆಂಗ ಅನಿಸ್ತು?

ಮಾಸ್ತರು: ದನಿ ಹಿತ ಐತಿ. ಕೊಳಲಿನಂಥ ದನಿ ಬಂತು, ತಂತಿ ಬಂತು, ಹಿಂದ ಮಂದ್ರ ಗುಂಯ್ ಅಂತಿತ್ತು. ಆದರ ಹಾಡು ಎಲ್ಲಿ ಶುರು ಆತು, ಎಲ್ಲಿ ಮುಗೀತು ತಿಳೀಲಿಲ್ಲ. ಯಾರೋ ಬೀಗರು ಬರ್ತಾರಂತ ಚಾಪಿ ಹಾಸಿ ಇಟ್ಟಂಗ ಐತಿ. ಬರೋರು ಯಾರು?

ಹುಡುಗಿ: ಬರೋರು ಆಡೋರು ರೀ. ಆ ಚಾಪಿ ಅವರ ಸಲುವಾಗೇ ಹಾಸಿದ್ದು.

ಮಾಸ್ತರು: ಹಂಗಾದ್ರ ನಾ ಆಡಿಲ್ಲ, ನನಗ ಯಾಕ ಕೇಳಿಸ್ತೀ?

ಹುಡುಗಿ: ಯಾಕಂದ್ರ ಇದು ಯಾರ ಕಿವಿಗೂ ಬಿದ್ದಿಲ್ರಿ. ನಮ್ಮ ದೇಶದ ಗೇಮು, ನಮ್ಮ ಕಥಿ, ಆದ್ರೂ ನಮ್ಮೂರಾಗ ಒಬ್ರಿಗೂ ಗೊತ್ತಿಲ್ಲ. ಅದು ಮೊದಲು ಬಂದಿದ್ದು 2020ರ ಆಗಸ್ಟ್ 18ಕ್ಕ, ನಿಂಟೆಂಡೊ ಸ್ವಿಚ್ ಅನ್ನೋ ಯಂತ್ರದ ಮ್ಯಾಲೆ. ಆ ಕಂಪನಿ ನಮ್ಮ ದೇಶದಾಗ ಆ ಯಂತ್ರ ಮಾರ್ತಾನೇ ಇರಲಿಲ್ಲ. ದುರ್ಗಾದೇವಿ ಕಥಿ ಇರೋ ಗೇಮು ದುರ್ಗಾದೇವಿ ಗುಡಿ ಇರೋ ಊರಿನ ಹುಡುಗರ ಕೈಗೆ ಸಿಗದಂಗ ಬಂತು. ಕಂಪ್ಯೂಟರಿಗೆ ಬರೋದು ಅಕ್ಟೋಬರ್ ಆತು. ಆ ನಡುವ ಸೆಪ್ಟೆಂಬರ್ 2ಕ್ಕ ಸರಕಾರ ಪಬ್‌ಜಿ ಅನ್ನೋ ಗೇಮ್ ಬಂದ್ ಮಾಡ್ತು, ಇಡೀ ದೇಶ ಅದರ ಬಗ್ಗೇನೇ ಮಾತಾಡ್ತು. ರಾಜಿಯ ಸುದ್ದಿ ಅದರೊಳಗ ಮುಳುಗಿ ಹೋತು.

ಮಾಸ್ತರು: ಕಥಿ ಏನದು?

ಹುಡುಗಿ: ರಾಜಿ ಅಂದ್ರ ಒಬ್ಬ ಹುಡುಗಿ. ಸರ್ಕಸ್ಸಿನಾಗ ಲಾಗಾ ಹಾಕೋಳು. ಅಕಿಗೆ ಗೋಲು ಅಂತ ತಮ್ಮ. ರಾಕ್ಷಸರು ಬಂದು ಮಕ್ಕಳನ್ನ ಎತ್ಗೊಂಡು ಹೋಗ್ತಾರ, ಗೋಲುನೂ ಹೋಗ್ತಾನ. ದುರ್ಗಾದೇವಿ ಈ ಹುಡುಗಿ ಕೈಗೆ ತ್ರಿಶೂಲ ಕೊಡ್ತಾಳ. ಅಕಿ ತಮ್ಮನ್ನ ಹುಡುಕ್ಕೊಂಡು ಹೊಂಡ್ತಾಳ. ನಾವು ಅಕಿನ್ನ ನಡಸ್ತೇವಿ. ಮ್ಯಾಲಿಂದ ದುರ್ಗಾ ಮತ್ತ ವಿಷ್ಣು ಇಬ್ರೂ ಅಕಿ ಬಗ್ಗೆ ಮಾತಾಡ್ಕೋತ ಕಥಿ ಹೇಳ್ತಾರ. ಕಥಿಯ ಮುಖ್ಯ ಭಾಗ ಬಂದಾಗ ತೊಗಲುಗೊಂಬಿ ಆಟದಂಗ ನೆರಳಿನ ಗೊಂಬಿ ಬರ್ತಾವ.

ಮಾಸ್ತರು: ತೊಗಲುಗೊಂಬಿ?

ಹುಡುಗಿ: ಹೌದ್ರಿ. ಪರದೆ ಹಿಂದ ದೀಪ ಇಟ್ಟು ಆಡಸ್ತಾರಲ್ಲ, ಹಂಗ. ಅದಕ್ಕೇ ನಿಮಗ ತಂದೆ.

ಮಾಸ್ತರು: ಈಗ ನನಗ ಬೇಕಾದ ಮಾತು ಆಡ್ದಿ. ಗೊಂಬಿ ಆಟ ನಾ ಸಣ್ಣಾವ ಇದ್ದಾಗ ನೋಡೇನಿ. ಕೊಪ್ಪಳ ಕಡಿ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅಂತ ಅದಾರಲ್ಲ, ಅವರಿಗೆ 2025ರಾಗ ಪದ್ಮಶ್ರೀ ಬಂತು. ಇಡೀ ಜೀವಮಾನ ಅದನ್ನ ಆಡಿಸಿದ ಮುದುಕಿ. ಆ ಆಟದಾಗ ಗೊಂಬಿಗೆ ಜೀವ ಬರೋದು ಕೈಯಿಂದ ಎಷ್ಟೋ, ಹಾಡಿನಿಂದ ಅಷ್ಟ. ಗೊಂಬಿ ಆಡಸೋರೇ ಹಾಡ್ತಾರ, ಮನಿ ಮಂದಿ ಮದ್ದಳಿ ತಾಳ ಹಿಡೀತಾರ. ಮಂದಿ ನಕ್ರು ಅಂದ್ರ ಹಾಡು ಒಂದೀಟು ನಿಲ್ತೈತಿ. ಮಕ್ಕಳು ತೂಕಡಿಸಿದ್ರ ಯುದ್ಧ ಬೇಗ ಬರ್ತೈತಿ. ನಿನ್ನ ಗೇಮಿನ ಸಂಗೀತಕ್ಕ ಎದುರಿಗೆ ಯಾರದಾರ ಅಂತ ಗೊತ್ತಾಗ್ತೈತೇನು?

ಹುಡುಗಿ: ಮಂದಿ ನಕ್ಕಿದ್ದು ಗೊತ್ತಾಗಂಗಿಲ್ರಿ. ಆದರ ಆಡೋರು ಏನು ಮಾಡಾಕತ್ತಾರ ಅಂತ ಗೊತ್ತಾಗ್ತೈತಿ. ಇದು ಇವತ್ತಿನ ಮಾತೂ ಅಲ್ಲ. 1978ರಾಗ ಜಪಾನಿನ ಟೈಟೊ ಕಂಪನಿ ‘ಸ್ಪೇಸ್ ಇನ್‌ವೇಡರ್ಸ್’ ಅಂತ ಒಂದು ಗೇಮ್ ತಂತು. ಅದರಾಗ ಇದ್ದಿದ್ದು ಬರೇ ನಾಕು ಸ್ವರ, ಮ್ಯಾಲಿಂದ ಕೆಳಗ ಇಳಿಯೋವು, ಅದೇ ಮತ್ತ ಮತ್ತ. ವೈರಿಗಳು ಹತ್ರ ಬಂದಂಗ ಆ ನಾಕು ಸ್ವರದ ಲಯ ಏರ್ಕೋತ ಹೋಗ್ತೈತಿ. ಸ್ವರ ಬದಲಾಗಂಗಿಲ್ಲ, ಲಯ ಒಂದೇ ಬದಲಾಗೋದು. ಆಡೋನ ಎದಿ ಅದರ ಜೊತಿಗೆ ಹೊಡ್ಕೊಂತೈತಿ.

ಮಾಸ್ತರು: ನಾಕೇ ಸ್ವರ. ವಿಲಂಬಿತದಿಂದ ದ್ರುತಕ್ಕ. ಇದು ಚಲೋ ಐತಿ. ಮಾಡಿದಾಂವಗ ಲಯದ ಕಿಮ್ಮತ್ತು ಗೊತ್ತಿತ್ತು.

ಹುಡುಗಿ: 1985ರ ‘ಸೂಪರ್ ಮಾರಿಯೋ’ ಗೇಮಿಗೆ ಸಂಗೀತ ಮಾಡಿದವರು ಕೋಜಿ ಕೊಂಡೊ. ಅದರಾಗ ವ್ಯಾಳ್ಯಾ ಮುಗೀಲಿಕ್ಕೆ ಬಂತು ಅಂದ್ರ ಅದೇ ಧಾಟಿ ಜೋರಾಗ್ತೈತಿ. ಆ ಗೇಮ್ ಓಡ್ತಿದ್ದ ಯಂತ್ರದಾಗ ಒಮ್ಮೆಗೆ ಬರೋವು ಐದೇ ದನಿ ರೀ. ಎರಡು ಮ್ಯಾಲಿನ ಸ್ವರಕ್ಕ, ಒಂದು ಮಂದ್ರಕ್ಕ, ಒಂದು ಬರೇ ಸುಯ್ ಅನ್ನೋ ಗದ್ದಲ, ಅದನ್ನ ತಾಳಕ್ಕ ಬಳಸೋರು. ಐದನೇದ್ರಾಗ ರೆಕಾರ್ಡ್ ಮಾಡಿದ ಸಣ್ಣ ತುಣುಕು ಹಾಕಬಹುದಿತ್ತು. ನಾವು ಸಣ್ಣೋರಿದ್ದಾಗ ಟಿವಿಗೆ ಹಚ್ಚಿ ಆಡ್ತಿದ್ವಲ್ಲ, ಕ್ಯಾಸೆಟ್ ಹಾಕೋ ಗೇಮು, ಅದರಾಗ ಕೇಳಿದ್ದು ಇದನ್ನ.

ಮಾಸ್ತರು: ಅದೇ ಟ್ಯಾಂವ್ ಟ್ಯಾಂವ್ ಅನ್ನೋದು. ಪಾಠಕ್ಕ ಬರೋ ಹೊತ್ತಿಗೆ ಅದರ ಮುಂದ ಕೂತಿರ್ತಿದ್ರಿ.

ಹುಡುಗಿ: ಅದೇ ರೀ. 1989ರಾಗ ಕೈಯಾಗ ಹಿಡಿಯೋ ಗೇಮ್ ಬಾಯ್ ಮ್ಯಾಲೆ ಟೆಟ್ರಿಸ್ ಬಂತು. ಇಟ್ಟಂಗಿ ಬೀಳೋ ಆಟ. ಅದರ ಮುಖ್ಯ ಧಾಟಿ ರಷ್ಯಾದ ಒಂದು ಹಳ್ಳಿ ಹಾಡಿಂದು. ಊರೂರು ತಿರುಗಿ ಸಾಮಾನು ಮಾರೋನ ಹಾಡು. ತಡೀರಿ, ಹಚ್ಚತೇನಿ.

ಆಕೆ ಫೋನಿನಲ್ಲಿ ಅದನ್ನು ಹಾಕಿದಳು. ಮಾಸ್ತರು ಎರಡನೇ ಸುತ್ತಿಗೆ ಪೇಟಿ ಎಳೆದುಕೊಂಡರು, ಮೂರನೆಯದಕ್ಕೆ ಧಾಟಿ ಅವರ ಬೆರಳಿಗೆ ಬಂದಿತ್ತು. ಕೋಮಲ ಗಾಂಧಾರದ ಸುತ್ತ ತಿರುಗಿ ಷಡ್ಜಕ್ಕೆ ಇಳಿಯುವ ಜಾಗದಲ್ಲಿ ಅವರೇ ಒಂದು ಹರಕತ್ತು ಸೇರಿಸಿದರು. ಅಲ್ಲಿಗೆ ಅದು ಲಾವಣಿಯ ಹಾಗೆ ಕೇಳತೊಡಗಿತು.

ಮಾಸ್ತರು: ನೋಡು, ಇದು ಬಂತು. ಇದಕ್ಕ ಆಟ ಬೇಕಾಗಲಿಲ್ಲ. ಆಟದ ಮೊದಲೂ ಇದು ಇತ್ತು, ಆಟ ಹೋದ ಮ್ಯಾಲೂ ಇರ್ತೈತಿ. ಹಂಗಿದ್ದ ಹಾಡು ತಂದ್ರ ನಾ ಕೇಳ್ತೇನಿ. ನಿನ್ನ ರಾಜಿ ಬೆರಳಿಗೆ ಸಿಗಂಗಿಲ್ಲ.

ಹುಡುಗಿ: ಬೆರಳಿಗೆ ಸಿಗೋದಷ್ಟ ಸಂಗೀತ ಏನ್ರಿ? ವೀರಭದ್ರದೇವರ ಗುಗ್ಗಳದಾಗ ಸಮಾಳ ಬಾರಸ್ತಾರ. ಅದನ್ನ ರೆಕಾರ್ಡ್ ಮಾಡ್ಕೊಂಡು ಬೆಂಗಳೂರಾಗ ಖೋಲಿ ಬಾಗಿಲು ಹಾಕ್ಕೊಂಡು ಕೇಳೇನಿ. ಏನೂ ಆಗಂಗಿಲ್ಲ. ಪುರವಂತರು ಒಡಪು ಹೇಳಿ ಹೆಜ್ಜಿ ಹಾಕ್ಬೇಕು, ಗುಗ್ಗಳದ ಹೊಗಿ ಕಣ್ಣಿಗೆ ಬರ್ಬೇಕು, ಮಂದಿ ನಡುವ ನಾ ನಿಂತಿರ್ಬೇಕು. ಆಗ ಸಮಾಳ ಮೈಗೆ ಹತ್ತತೈತಿ. ಹಂಗಂತ ಸಮಾಳ ಸಂಗೀತ ಅಲ್ಲ ಅಂತೀರೇನು?

ಮಾಸ್ತರು: ಅನ್ನಂಗಿಲ್ಲ. ಆದರ ಅಲ್ಲಿ ನಾ ಖುದ್ದ ನಿಂತಿರ್ತೇನಿ.

ಹುಡುಗಿ: ಗೇಮಿನಾಗೂ ನಾ ನಿಂತಿರ್ತೇನ್ರಿ. ಸಿನಿಮಾ ನೋಡಿದಂಗಲ್ಲ ಅದು. ಮುಂದಿನ ಹೆಜ್ಜಿ ನಾ ಇಡಬೇಕು. ಇಡದೇ ಇದ್ರ ಕಥಿ ಅಲ್ಲೇ ನಿಲ್ತೈತಿ, ಸಂಗೀತ ನನಗ ಕಾಯ್ತೈತಿ. ರಾಜಿ ಒಂದು ಮುರದು ಬಿದ್ದ ಗುಡಿಯೊಳಗ ಬರ್ತಾಳ. ಗ್ವಾಡಿ ಮ್ಯಾಲೆ ದೇವರ ಕಥಿ ಚಿತ್ರ ಬರ್ದಿರ್ತಾರ. ಅಲ್ಲಿ ಯಾರೂ ಇಲ್ಲ, ಯುದ್ಧ ಇಲ್ಲ. ಅವಸರ ಇದ್ದೋರು ಓಡಿ ಹೋಗಬಹುದು. ನಾ ನಿಂತೆ. ನಿಂತಾಗ ಆ ಮಂದ್ರ ಮತ್ತ ಆ ಕೊಳಲು ಕಿವಿಗೆ ಬಂತು. ಅದು 2020ರ ಚಳಿಗಾಲ. ನಾ ಇಲ್ಲೇ ಅಟ್ಟದ ಮ್ಯಾಲೆ ಲ್ಯಾಪ್‌ಟಾಪ್ ಇಟ್ಕೊಂಡು ಮನಿಯಿಂದ ಕೆಲಸ ಮಾಡ್ತಿದ್ದೆ. ನಮ್ಮ ತಮ್ಮ ದೂರದ ಊರಾಗ ಕೆಲಸಕ್ಕಿದ್ದಾಂವ, ಬರಾಕ ಆಗಿರಲಿಲ್ಲ. ತಮ್ಮನ್ನ ಹುಡುಕೋ ಅಕ್ಕನ ಗೇಮು ಆಡ್ತಿದ್ದೆ. ಆ ಸಂಗೀತ ನನ್ನೊಳಗ ಕೂತಿದ್ದು ಆಗ.

ಮಾಸ್ತರು: ಈಗ ಖರೇ ಮಾತು ಹೊರಗ ಬಂತು. ತಪ್ಪು ತಿಳ್ಕೋಬ್ಯಾಡ ತಂಗಿ. ನೀ ನನಗ ಕೇಳಿಸಿದ್ದು ಸಂಗೀತ ಅಲ್ಲ, ನಿನ್ನ ನೆನಪು. ಅದನ್ನ ನಾ ಹೆಂಗ ಕೇಳಲಿ? ನಿಮ್ಮ ತಮ್ಮ ಬಂದಿರಲಿಲ್ಲ ಅನ್ನೋದು ಆ ಕೊಳಲಿನಾಗ ಇಲ್ಲ.

ಹುಡುಗಿ: ನೀವು ಗಂಗೂಬಾಯಿ ಹಾನಗಲ್ ಅವರದು ಕೇಳಿದಾಗೆಲ್ಲ ನಿಮ್ಮ ಅಪ್ಪಾರ ನೆನಪು ತಗೀತೀರಲ್ಲ, ಧಾರವಾಡ ಆಕಾಶವಾಣಿ ಹಚ್ಚಿ ಇಬ್ರೂ ಕೂತು ಕೇಳ್ತಿದ್ವಿ ಅಂತ? ಅದು ನೆನಪಲ್ಲೇನ್ರಿ?

ಮಾಸ್ತರು: ನೆನಪು ಹೌದು. ಆದರ ಆ ನೆನಪು ತಗದು ಹಾಕು, ಗಂಗೂಬಾಯಿ ಉಳೀತಾರ. ನಮ್ಮ ಅಪ್ಪನ್ನ ಕಂಡಿರದ ಮನುಷ್ಯಾನೂ ಆ ದನಿ ಕೇಳಿ ಎದ್ದು ಕೂಡ್ತಾನ. ನನ್ನ ಪ್ರಶ್ನಿ ಇದು: ನಿನ್ನ ಅಟ್ಟ, ನಿನ್ನ ತಮ್ಮ, ಆ ಚಳಿಗಾಲ ತಗದ್ರ ಈ ಸಂಗೀತದಾಗ ಏನು ಉಳೀತೈತಿ?

ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊರಗೆ ಗೋವಿನಜೋಳ ಒಕ್ಕುವ ಮಷಿನ್ ನಡೆದಿತ್ತು. ಮಾಸ್ತರು ಗೆದ್ದೆನೆಂಬ ಮುಖ ಮಾಡಲಿಲ್ಲ. ಅವರಿಗೆ ಉತ್ತರ ಬೇಕಾಗಿತ್ತು.

ಹುಡುಗಿ: ಉಳಿಯೋದು ಸಾಥ್ ರೀ. ನೀವೇ ಹೇಳಿಕೊಟ್ಟಿದ್ದು. ಪೇಟಿ ಸಾಥ್ ಕೊಡಬೇಕಾದ್ರ ಹಾಡೋರ ಮುಂದ ಹೋಗಬಾರದು, ಹಿಂದ ಬೀಳಬಾರದು, ಅವರ ಉಸಿರಿಗೆ ಜಾಗಾ ಬಿಡಬೇಕು ಅಂತ. ಗೇಮಿನ ಸಂಗೀತ ಪೂರಾ ಸಾಥಿನ ವಿದ್ಯಾ. ಬರೇ ಪೇಟಿ ಸಾಥ್ ರೆಕಾರ್ಡ್ ಮಾಡಿ, ಹಾಡೋರ ದನಿ ತಗದು ಕೇಳಿಸಿದ್ರ ನೀವೂ ‘ಹಾಡು ಎಲ್ಲೈತಿ’ ಅಂತೀರಿ. ಆದ್ರೂ ಬಲ್ಲವರಿಗೆ ಕೇಳ್ತೈತಿ, ಇಲ್ಲಿ ಯಾರಿಗೋ ಜಾಗಾ ಬಿಟ್ಟಾರ ಅಂತ.

ಮಾಸ್ತರು: ಹ್ಞೂಂ. ಈ ಮಾತಿಗೆ ತೂಕ ಐತಿ. ಹಂಗಾದ್ರ ಸಾಥಿನ ಲೆಕ್ಕದಾಗೇ ನೋಡೋಣ. ನಮ್ಮ ಆಶ್ರಮ ನಾಟಕ ಕಂಪನಿ ಮಾಡಿ ಊರೂರು ತಿರುಗಿದ್ದು ನಿನಗ ಗೊತ್ತೈತಿ. ಆಶ್ರಮದ ಗುರುಗಳು ಪಂಚಾಕ್ಷರಿ ಗವಾಯಿಗಳು ನಮ್ಮ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು, ಪುಟ್ಟರಾಜರು ಅದೇ ತಾಲ್ಲೂಕಿನ ದೇವರಹೊಸಪೇಟೆಯವರು. ಇಬ್ರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅನ್ನಾ ಹಾಕಿ ಸಂಗೀತ ಕಲಿಸಾಕ ರೊಕ್ಕಾ ಬೇಕಲ್ಲ, ಅದಕ್ಕ ನಾಟಕ. ಆ ಪರಂಪರಾದಾಗ ಕಣ್ಣಿಲ್ಲದ ಒಬ್ರು ನಾಟಕಕ್ಕ ಪೇಟಿ ನುಡಿಸೋದನ್ನ ನಾ ಪಕ್ಕದಾಗ ಕೂತು ನೋಡೇನಿ. ಪಾತ್ರಧಾರಿ ರಂಗದ ಮ್ಯಾಲೆ ಬಂದ್ರ ಅವರಿಗೆ ಕಾಣಂಗಿಲ್ಲ. ಹಲಗಿ ಮ್ಯಾಲಿನ ಹೆಜ್ಜಿ ಸಪ್ಪಳದಿಂದ ಯಾರು ಬಂದ್ರು ಅಂತ ತಿಳ್ಕೊಂತಿದ್ರು. ನಟ ಉಸಿರು ಎಳಕೊಂಡ ಅಂದ್ರ ಪದ ಎತ್ತತಾನ ಅಂತ ಗೊತ್ತು, ಅಷ್ಟ್ರಾಗ ಬೆರಳು ಷಡ್ಜದ ಮ್ಯಾಲೆ ಇರ್ತಿತ್ತು. ಮಾತು ಮರೆತು ನಟ ತಡವರಿಸಿದ್ರ ಒಂದು ತುಣುಕು ಸ್ವರ ಹಾಕಿ ಅಂವಗ ಹೊತ್ತು ಕೊಡ್ತಿದ್ರು. ಮಂದಿಗೆ ಅದು ತಪ್ಪು ಅಂತ ಗೊತ್ತೇ ಆಗ್ತಿರಲಿಲ್ಲ. ಅದು ಸಾಥ್. ಅವರು ಕೇಳ್ತಿದ್ರು. ನಿನ್ನ ಯಂತ್ರ ಕೇಳಂಗಿಲ್ಲ, ಎಣಸ್ತೈತಿ. ವೈರಿ ಇಷ್ಟು ದೂರ ಬಂದ್ರ ಈ ತುಣುಕು, ಅಷ್ಟು ದೂರ ಹೋದ್ರ ಆ ತುಣುಕು.

ಹುಡುಗಿ: ಎಣಸೋದು ಯಂತ್ರ ರೀ, ಆದ್ರ ಹೆಂಗ ಎಣಸಬೇಕು ಅಂತ ಕೂತು ಯೋಚನಿ ಮಾಡಿದ್ದು ಮನುಷ್ಯಾ. 1991ರಾಗ ‘ಮಂಕಿ ಐಲ್ಯಾಂಡ್’ ಅನ್ನೋ ಗೇಮಿನ ಎರಡನೇ ಭಾಗ ಬಂತು. ಅದಕ್ಕಂತ ಮೈಕಲ್ ಲ್ಯಾಂಡ್, ಪೀಟರ್ ಮೆಕಾನೆಲ್ ಅಂತ ಇಬ್ರು ಸಂಗೀತಗಾರರೇ ಒಂದು ವ್ಯವಸ್ಥಾ ಮಾಡಿದ್ರು. ಅದರಾಗ ಹಡಗಿನ ಮುರುಕಲು ಜೋಡ್ಸಿ ಕಟ್ಟಿದ ಒಂದು ಊರು ಬರ್ತೈತಿ. ನೀವು ಒಂದು ಮನಿಯಿಂದ ಇನ್ನೊಂದು ಮನಿಯೊಳಗ ಹೋದಂಗ ಅದೇ ಧಾಟಿ ಮುಂದುವರದು ಬ್ಯಾರೆ ವಾದ್ಯಕ್ಕ ದಾಟತೈತಿ, ಎಲ್ಲೂ ಹರಿಯಂಗಿಲ್ಲ. ನೀವು ಯಾವ ಹೊತ್ತಿಗೆ ಬಾಗಿಲು ದಾಟ್ತೀರಿ ಅಂತ ಬರೆಯೋರಿಗೆ ಗೊತ್ತಿಲ್ಲ. ಯಾವ ಹೊತ್ತಿಗೆ ದಾಟಿದ್ರೂ ಸರಿಹೋಗಬೇಕು. ಕಾಣದ ಮನುಷ್ಯಾಗ, ಮೊದಲ ಕೂತು, ಸಾಥ್ ಬರದು ಇಡೋದು ಸಣ್ಣ ಮಾತೇನ್ರಿ?

ಮಾಸ್ತರು: ಸಣ್ಣ ಮಾತಲ್ಲ. ಆದರ ಮೊದಲ ಬರದು ಇಟ್ಟಿದ್ದು ಬಂದೋಬಸ್ತು. ಸಾಥ್ ಅಂದ್ರ ಆ ಹೊತ್ತಿಂದು.

ಹುಡುಗಿ: ನಿಮ್ಮ ಪೇಟಿಗೂ ಮಂದಿ ಹಿಂಗ ಅಂದಿದ್ರಲ್ರಿ. ಆಕಾಶವಾಣಿಯವರು 1940ರಿಂದ 1971ರ ತನಕ ಪೇಟಿ ಒಳಗ ಬಿಡಲಿಲ್ಲ. ಯುರೋಪಿನಿಂದ ಬಂದ ಯಂತ್ರ, ಸ್ವರ ಮೊದಲ ಕಟ್ಟಿ ಇಟ್ಟಿರ್ತಾರ, ಮೀಂಡ್ ಬರಂಗಿಲ್ಲ, ನಮ್ಮ ಸಂಗೀತಕ್ಕ ಸಲ್ಲದು ಅಂದ್ರು. ಇವತ್ತು ಪೇಟಿ ಇಲ್ಲದ ಭಜನಿ ಮ್ಯಾಳ ಯಾವ ಊರಾಗೈತಿ?

ಮಾಸ್ತರು: ಚಲೋ ನೆನಪು ಮಾಡ್ದಿ. ಆದರ ಒಂದು ಕೇಳು. ಬಂದ್ ಮಾಡಿದವರು ಹೇಳಿದ್ದು ಸುಳ್ಳಲ್ಲ. ಈ ಪಟ್ಟಿ ಒತ್ತಿದ್ರ ಗಾಂಧಾರ ಒಂದೇ ಥರ ಬರ್ತೈತಿ. ರಾಗ ಬದಲಾದ್ರ ಅದೇ ಗಾಂಧಾರ ಒಂದು ಕೂದಲೆಳಿ ಇಳೀಬೇಕು, ಇದು ಇಳಿಯಂಗಿಲ್ಲ. ಐವತ್ತು ವರ್ಷದ ಮ್ಯಾಲೆ ನುಡಿಸೇನಿ, ಇವತ್ತಿಗೂ ಆ ಕೊರತಿ ನನ್ನ ಕಿವಿಗೆ ಚುಚ್ಚತೈತಿ. ಅದಕ್ಕೇ ಭಾತೆ ಒತ್ತೋ ಕೈಯಾಗ, ಗಾಳಿ ಒಂದೀಟು ಹೆಚ್ಚು ಕಮ್ಮಿ ಮಾಡಿ ಹೆಂಗೋ ಸರಿದೂಗಸ್ತೇವಿ. ಪೇಟಿ ಒಳಗ ಬಂತು ಅಂದ್ರ ಕೊರತಿ ಹೋತು ಅಂತಲ್ಲ. ನಿನ್ನ ಸಂಗೀತಕ್ಕೂ ನಾ ಅಷ್ಟ ಕೇಳೋದು: ಒಳಗ ಬಾ, ಆದರ ನಿನ್ನ ಕೊರತಿ ಏನು ಅಂತ ಗೊತ್ತಿಟ್ಕೋ.

ಹುಡುಗಿ: ಕೊರತಿ ಐತ್ರಿ. ರಾಜಿಯ ಕಥಿ ಕಡೀಕ ಥಟ್ಟನ ನಿಂತು ಹೋಗ್ತೈತಿ, ಪೂರ್ತಿ ಆತು ಅಂತ ಅನಿಸಂಗಿಲ್ಲ. ಕಾದಾಟ ಕೆಲವು ಕಡೆ ಒಂದೇ ಥರ. ಮೊದಲು ಬಂದಾಗ ದೇವರು ಮಾತಾಡಿದ್ದು ಇಂಗ್ಲಿಷಿನಾಗ. ಆದ್ರೂ ಆ ವರ್ಷದ ದಿ ಗೇಮ್ ಅವಾರ್ಡ್ಸ್ ಒಳಗ, ಮೊದಲ ಸಲ ಗೇಮ್ ಮಾಡಿದೋರ ಪ್ರಶಸ್ತಿಗೆ ಐದು ಹೆಸರಾಗ ಇದೂ ಒಂದಾಗಿತ್ತು.

ಮಾಸ್ತರು: ಸಂಗೀತ ಮಾಡಿದವರು ಯಾರು?

ಹುಡುಗಿ: ಲಿನೋಸ್ ತ್ಸೆಲೋಸ್ ಅಂತ. ಗ್ರೀಸ್ ದೇಶದವರು.

ಮಾಸ್ತರು: ನಮ್ಮ ದುರ್ಗವ್ವನ ಕಥಿಗೆ ಗ್ರೀಸಿನವರು!

ಹುಡುಗಿ: ಯಾಕ್ರಿ? ನಾವು ಹಾಡೋ ಕಿರಾಣಾ ಘರಾಣಾ ಉತ್ತರ ಪ್ರದೇಶದ ಕೈರಾನಾದಿಂದ ಬಂದದ್ದು. ಅಬ್ದುಲ್ ಕರೀಂ ಖಾನರು ಧಾರವಾಡಕ್ಕ ಬಂದಾಗ ಹೊರಗಿನವರು ಅಂತ ಅಂದಿದ್ರ ಕುಂದಗೋಳದ ಸವಾಯಿ ಗಂಧರ್ವರು ಎಲ್ಲಿರ್ತಿದ್ರು, ಅವರ ಶಿಷ್ಯರು ಗಂಗೂಬಾಯಿ, ಭೀಮಸೇನ ಜೋಶಿ ಎಲ್ಲಿರ್ತಿದ್ರು?

ಮಾಸ್ತರು: ಖಾನ್ ಸಾಹೇಬರು ಬಂದು ಶಿಷ್ಯರನ್ನ ಎದುರಿಗೆ ಕೂಡಿಸ್ಕೊಂಡು ವರ್ಷಾನುಗಟ್ಲೆ ಕಲಿಸಿದ್ರು. ವಿದ್ಯಾ ಇಲ್ಲಿ ಬೇರು ಬಿಡ್ತು. ಗ್ರೀಸಿನ ಮನುಷ್ಯಾನ ಮ್ಯಾಲೆ ನನಗ ಸಿಟ್ಟಿಲ್ಲ, ಅಂವ ಭಕ್ತಿಯಿಂದ ಮಾಡ್ಯಾನ ಅಂತ ದನಿಯಾಗೇ ತಿಳೀತೈತಿ. ನನ್ನ ಸಂಕಟ ಬ್ಯಾರೆ. ಪುಣೆದಾಗ ಗೇಮ್ ಆತು, ಬೆಂಗಳೂರಾಗ ಗೇಮ್ ಕಂಪನಿ ಅದಾವ ಅಂತೀದಿ...

ಹುಡುಗಿ: ಧ್ರುವ ಇಂಟರಾಕ್ಟಿವ್ ಅಂತ 1997ರಾಗೇ ಶುರುವಾತ್ರಿ. ಹೊರದೇಶದ ದೊಡ್ಡ ದೊಡ್ಡ ಗೇಮಿಗೆ ಚಿತ್ರದ ಕೆಲಸ ಮಾಡಿಕೊಟ್ಟು ಹೆಸರಾದ ಕಂಪನಿ. 2019ರಾಗ ರಾಕ್‌ಸ್ಟಾರ್ ಅನ್ನೋ ಗೇಮ್ ಕಂಪನಿ ಅದನ್ನ ಕೊಂಡ್ಕೊಂತು.

ಮಾಸ್ತರು: ಅದೇ. ಇಷ್ಟು ವರ್ಷದಿಂದ ನಮ್ಮ ರಾಜ್ಯದಾಗ ಈ ಕೆಲಸ ನಡದೈತಿ. ಅಲ್ಲಿಂದ ಯಾರಾದ್ರೂ ಶಿಗ್ಗಾವಿ ಕಡಿ ಬಂದಾರೇನು? ಶರೀಫರ ತತ್ತ್ವಪದಕ್ಕ ಏಕತಾರಿ ಹಿಡಿಯೋರು ಅದಾರ. ಡೊಳ್ಳು, ಸಮಾಳ, ಕರಡಿ ಮಜಲು ಬಾರಸೋರು ಅದಾರ. ಗೊಟಗೋಡಿಯಾಗ ಜಾನಪದ ವಿಶ್ವವಿದ್ಯಾಲಯನೇ ಐತಿ, 2011ರಿಂದ.

ಹುಡುಗಿ: ಬಂದ್ರೂ ಏನಾಗ್ತೈತಿ ಹೇಳ್ಲಿ? ಡೊಳ್ಳಿನ ಒಂದೊಂದು ಪೆಟ್ಟು ಬಿಡಿ ಬಿಡಿಯಾಗಿ ರೆಕಾರ್ಡ್ ಮಾಡ್ಕೊಂತಾರ. ಅದನ್ನ ಕಂಪ್ಯೂಟರಿನಾಗ ಹಾಕಿ ಮಾರ್ತಾರ. ಆಮ್ಯಾಲೆ ಯಾವ ದೇಶದಾಗ ಕೂತೋರೂ ಕೀಬೋರ್ಡ್ ಒತ್ತಿದ್ರ ನಮ್ಮ ಡೊಳ್ಳು ಬರ್ತೈತಿ. ಬಾರಿಸಿದವರ ಹೆಸರು ಎಷ್ಟೋ ಸಲ ಎಲ್ಲೂ ಇರಂಗಿಲ್ಲ. ಇದು ನನಗೂ ಸೇರಂಗಿಲ್ರಿ. ನಾ ಈ ಸಂಗೀತದ ಪರ ಮಾತಾಡ್ತೇನಿ ಖರೇ, ಆದರ ಈ ಪದ್ಧತಿ ಪರ ಅಲ್ಲ.

ಮಾಸ್ತರು: ಪೆಟ್ಟು ಪೆಟ್ಟು ಬಿಡಿಸಿ ಮಾರೋದಾ? ಡೊಳ್ಳು ಬಾರಸೋದು ಮ್ಯಾಳ. ಒಬ್ಬನ ಕೈ ಇನ್ನೊಬ್ಬನ ಕೈ ನೋಡಿ ಏಳತೈತಿ. ಒಂದು ಪೆಟ್ಟಿನಾಗ ಏನೈತಿ?

ಇಲ್ಲಿ ಇಬ್ಬರೂ ಒಂದೇ ಕಡೆ ಬಂದರು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಾಸ್ತರು ಊರಿನ ಕಟ್ಟೆಯ ಮೇಲೆ ಫ್ರೀ ಫೈರ್ ಮ್ಯಾಕ್ಸ್ ಆಡುವ ಹುಡುಗರ ಮಾತು ತೆಗೆದರು. ಅವರಿಗೆ ಗುಂಡಿನ ಸದ್ದಲ್ಲದೆ ಬೇರೆ ಕೇಳುವುದಿಲ್ಲ, ಇದು ಯಾವ ಸಂಗೀತ ಎಂದರು. ಹುಡುಗಿಯ ಉತ್ತರ ನನಗೆ ಹೊಸದಾಗಿತ್ತು.

ಹುಡುಗಿ: ಆ ಆಟದಾಗ ಆಡೋವಾಗ ಸಂಗೀತ ಬೇಕಾಗಂಗೇ ಇಲ್ರಿ. ವೈರಿ ಹೆಜ್ಜಿ ಸಪ್ಪಳ ಎತ್ಲಾಗಿಂದ ಬಂತು ಅಂತ ಕಿವಿಗೊಟ್ಟು ಕೇಳಬೇಕು, ಸಂಗೀತ ಇದ್ರ ಅದು ಅಡ್ಡ. ಅದಕ್ಕೇ ನಮ್ಮ ಹುಡುಗರು ವರ್ಷಾನುಗಟ್ಲೆ ಗೇಮ್ ಆಡಿದ್ರೂ ಗೇಮಿನ ಸಂಗೀತ ಅನ್ನೋದು ಒಂದೈತಿ ಅಂತ ಅವರಿಗೆ ಗೊತ್ತಿಲ್ಲ. ಜಗತ್ತಿನಾಗ 2023ರಿಂದ ಗೇಮಿನ ಸಂಗೀತಕ್ಕ ಅಂತ ಗ್ರ್ಯಾಮಿಯಾಗ ಬ್ಯಾರೆ ಪ್ರಶಸ್ತಿನೇ ಕೊಡ್ತಾರ. ನಮ್ಮ ಕಟ್ಟಿ ಮ್ಯಾಲೆ ಅದರ ಸುದ್ದಿನೂ ಇಲ್ಲ. ರಾಜಿ ಅಂಥದು ಅವರ ಕೈಗೆ ಬಂದಿದ್ರ?

ಮಾಸ್ತರು: ಬಂದಿದ್ರೂ ಕೇಳ್ತಿದ್ರು ಅಂತ ಏನು ಗ್ಯಾರಂಟಿ? ಕೈ, ಕಣ್ಣು ಎರಡೂ ಕೆಲಸದಾಗ ಇದ್ದಾಗ ಕಿವಿಗೆ ಉಳಿಯೋದು ಉಚ್ಛಿಷ್ಟ.

ಹುಡುಗಿ: ಬೀಸೋಕಲ್ಲಿನ ಮುಂದ ಕೂತೋರು ಕೈಗೆ ಕೆಲಸ ಇದ್ದಾಗೇ ಹಾಡು ಕಟ್ಟಿದ್ರಲ್ರಿ.

ಮಾಸ್ತರು: ಅವರು ಹಾಡಿದ್ರು ತಂಗಿ. ಇವರು ಹಾಡಂಗಿಲ್ಲ.

ಈ ಮಾತಿಗೆ ಆಕೆಯ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇಲ್ಲ. ಮಾಸ್ತರು ಪೇಟಿಯನ್ನು ಇನ್ನೂ ಮುಂದೆಯೇ ಇಟ್ಟುಕೊಂಡಿದ್ದರು. ನೀ ಆಡು, ಆ ಯಂತ್ರದ ಸಂಗೀತ ಬಂದ್ ಮಾಡು, ಸಾಥ್ ನಾ ಕೊಡ್ತೇನಿ ಎಂದರು. ಹುಡುಗಿ ಲ್ಯಾಪ್‌ಟಾಪ್ ತೆರೆದು ಸಂಗೀತವನ್ನು ಮಾತ್ರ ನಿಲ್ಲಿಸಿದಳು. ಹೆಜ್ಜೆ, ಗಾಳಿ, ತ್ರಿಶೂಲದ ಸದ್ದು ಉಳಿದವು.

ಮೊದಲು ರಾಜಿ ಒಬ್ಬಳೇ ನಡೆಯುವ ಭಾಗ. ಮಾಸ್ತರು ಕಣ್ಣು ಪರದೆಯ ಮೇಲಿಟ್ಟು ಮಂದ್ರದಲ್ಲಿ ಶುರು ಮಾಡಿದರು. ಅವಳು ಗೋಡೆ ಹತ್ತಿದಾಗ ಸ್ವರ ಮೇಲೇರಿತು, ಅಂಚಿನಲ್ಲಿ ನಿಂತಾಗ ಪಂಚಮದಲ್ಲಿ ನಿಂತಿತು. ಆಡುವವಳು ಚಿತ್ರ ನೋಡುತ್ತ ಸುಮ್ಮನೆ ನಿಂತಾಗ ಅವರೂ ಭಾತೆ ನಿಲ್ಲಿಸಿದರು, ಕೋಣೆ ಪೂರ್ತಿ ಸುಮ್ಮನಾಯಿತು. ಆ ಮೌನ ಗೇಮಿನ ಸಂಗೀತದಲ್ಲಿ ನಾವು ಕೇಳಿರಲಿಲ್ಲ. ಹುಡುಗಿ ತಿರುಗಿ ಅವರ ಮುಖ ನೋಡಿದಳು. ಆಮೇಲೆ ರಾಕ್ಷಸರು ಬಂದರು. ಅವರು ಬರುವುದು ಮಾಸ್ತರಿಗೆ ಗೊತ್ತಿರಲಿಲ್ಲ. ಲಯ ಏರಿಸುವಷ್ಟರಲ್ಲಿ ಇಬ್ಬರು ಸತ್ತಾಗಿತ್ತು, ದ್ರುತಕ್ಕೆ ಬರುವಷ್ಟರಲ್ಲಿ ಕಾದಾಟವೇ ಮುಗಿದಿತ್ತು. ಪೇಟಿ ಒಂದೇ ಇನ್ನೂ ಕಾದಾಡುತ್ತಿತ್ತು.

ಮಾಸ್ತರು: ಬರ್ತಾರಂತ ಆ ಗ್ರೀಸಿನಾಂವಗ ಮೊದಲ ಗೊತ್ತು. ನನಗ ಗೊತ್ತಿರಲಿಲ್ಲ.

ಹುಡುಗಿ: ನಾ ನಿಂತದ್ದು ನಿಮಗ ಗೊತ್ತಾತು ಮಾಸ್ತರ. ಆ ಯಂತ್ರಕ್ಕ ಗೊತ್ತಾಗಿರಲಿಲ್ಲ.

ಮಾಸ್ತರು: ಈಗ ಅವಂದು ಹಚ್ಚು. ಅದೇ ಜಾಗಾ ಮತ್ತೊಮ್ಮೆ ಆಡು. ನಾ ಕೇಳ್ತೇನಿ.

ಆಕೆ ಹಚ್ಚಿದಳು. ಈ ಸಲ ಅವರು ‘ಹಾಡು ಎಲ್ಲೈತಿ’ ಎಂದು ಕೇಳಲಿಲ್ಲ. ರಾಕ್ಷಸರು ಕಾಣುವ ಮೊದಲೇ ಬಂದ ತಾಳಕ್ಕೆ ತಲೆದೂಗಿ, ಇದನ್ನು ಬರೆದವನು ಬಲ್ಲವನು ಎಂದರು. ಆದರೂ ಇದನ್ನು ಮನೆಯಲ್ಲಿ ಒಬ್ಬನೇ ಕೂತು ಕೇಳುವ ಸಂಗೀತವೆಂದು ಒಪ್ಪುವುದಿಲ್ಲ ಎಂದೂ ಹೇಳಿದರು. ಹುಡುಗಿ ತಾನು ಒಬ್ಬಳೇ ಕೂತು ಕೇಳುವುದನ್ನು ಬಿಡುವುದಿಲ್ಲ ಎಂದಳು.

ಅವರ ವಾದ ಅಲ್ಲಿಗೇ ಇದೆ. ನನ್ನ ಕಡೆಯಿಂದ ಎರಡು ವಿನಂತಿ. ರಾಜಿಯ ಸಂಗೀತ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಮನೆಯಲ್ಲಿ ಗೇಮ್ ಆಡುವ ಮಗನೋ ಮಗಳೋ ಇದ್ದರೆ, ಅವರು ಆಡುವಾಗ ಪಕ್ಕದಲ್ಲಿ ಕೂತು ಕೇಳಿ. ಬರೀ ಸಂಗೀತ ಹಚ್ಚಿ ಕೇಳಿ ತೀರ್ಪು ಕೊಡಬೇಡಿ. ಇನ್ನು ಬೆಂಗಳೂರಿನಲ್ಲಿ ಗೇಮ್ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರು ಒಮ್ಮೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆ ಬರಬೇಕು. ಸಮಾಳದವರನ್ನು, ಡೊಳ್ಳಿನ ಮೇಳವನ್ನು, ಪೇಟಿ ಮಾಸ್ತರರನ್ನು ಇಡಿಯಾಗಿ ರೆಕಾರ್ಡ್ ಮಾಡಿಕೊಳ್ಳಬೇಕು, ಅದಕ್ಕೆ ತಕ್ಕ ಸಂಭಾವನೆ ಕೊಡಬೇಕು, ಗೇಮಿನ ಕೊನೆಯಲ್ಲಿ ಬಾರಿಸಿದ ಒಬ್ಬೊಬ್ಬರ ಹೆಸರನ್ನೂ ಕನ್ನಡದಲ್ಲಿ ಹಾಕಬೇಕು.